ಬಲಕ್ಕೆ ತಿರುಗಿದ ಮುಳ್ಳು

ರಾತ್ರಿ ಹನ್ನೊಂದರ ಮೇಲೆ ಮನೆಯೊಳಗೆ ಎಲ್ಲಿಯೋ ‘ಚಿರ್’ ಎಂದಿತು. ಸರಿಯಾಗಿ ಕಾಯದ ಎಣ್ಣೆಗೆ ಸಾಸಿವೆ ಹಾಕಿದರೆ ಬರುವಂಥ ಶಬ್ದ. ಸಿಡಿಯಲೂ ಇಲ್ಲ, ಸುಮ್ಮನಿರಲೂ ಇಲ್ಲ. ನಾನು ಎದ್ದು ಕುಳಿತೆ. ಮತ್ತೊಮ್ಮೆ ‘ಚಿರ್’. ಆಮೇಲೆ ‘ಟಕ್’. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ನಮ್ಮವರನ್ನು ಎಬ್ಬಿಸಿದೆ.

“ಹಲ್ಲಿ,” ಎಂದರು ಕಣ್ಣು ತೆರೆಯದೆ.

“ಹಲ್ಲಿ ಲೊಚಗುಟ್ಟುತ್ತದೆ. ಇದು ಹುರಿಯುವ ಶಬ್ದ.”

“ಹಾಗಾದರೆ ಹುರಿಯುವ ಹಲ್ಲಿ,” ಎಂದು ಮಗ್ಗುಲಾದರು.

ಮರುದಿನ ಸಂಜೆ ದೀಪ ಹತ್ತಲಿಲ್ಲ. ಫ್ಯೂಸು ಸುಟ್ಟಿತ್ತು. ಶ್ರಾವಣ ಹಿಡಿದ ಮೇಲೆ ಇದು ಮೂರನೆಯ ಸಲ. ನಾನು ಗೋಡೆಯ ಪಂಚಾಂಗದಲ್ಲಿ ಆ ಶಬ್ದ ಬಂದ ಹಿಂದಿನ ದಿನಕ್ಕೆ ಸೀಸದ ಕಡ್ಡಿಯಿಂದ ಸಣ್ಣದೊಂದು ಚುಕ್ಕೆ ಇಟ್ಟೆ. ಹಿಂದಿನ ಎರಡು ಚುಕ್ಕೆಗಳೂ ಅಲ್ಲಿಯೇ ಇದ್ದವು.

ನಮ್ಮವರು ಎಂದರೆ ಕಾರವಾರದ ಬಂದರು ಕಚೇರಿಯ ಎರಡನೆಯ ಗುಮಾಸ್ತ ರಾಮನಾಥ. ಕೋಡಿಬಾಗದ ನಮ್ಮ ಓಣಿಯಲ್ಲಿ ಮೊದಲು ಎಲೆಕ್ಟ್ರಿಕ್ ದೀಪ ಬಂದದ್ದು ನಮ್ಮ ಮನೆಗೆ. ಮೂವತ್ತೇಳನೆಯ ಇಸವಿ ಅದು. ಮೂರು ದೀಪ: ಜಗಲಿಗೊಂದು, ನಡುಮನೆಗೊಂದು, ದೇವರ ಕೋಣೆಗೊಂದು. ದೀಪ ಹತ್ತಿದ ದಿನದಿಂದ ನಮ್ಮವರು ಆ ವಿಷಯದಲ್ಲಿ ಪಂಡಿತರಾದರು. ಕರೆಂಟೂ ನೀರಿನ ಹಾಗೆಯೇ, ತಗ್ಗಿಗೆ ಬೇಗ ಹರಿಯುತ್ತದೆ, ಜಗಲಿ ತಗ್ಗಿನಲ್ಲಿರುವುದರಿಂದ ಅಲ್ಲಿ ಬೆಳಕು ಜಾಸ್ತಿ ಎಂದು ಪಕ್ಕದ ಮನೆಯ ಮಂಗೇಶರಾಯರಿಗೆ ವಿವರಿಸುತ್ತಿದ್ದಾಗ ನಾನು ಎದ್ದು ಒಳಗೆ ಹೋದೆ. ಧಾರವಾಡದಲ್ಲಿ ಎರಡು ವರ್ಷ ಕಾಲೇಜು ಓದಿದವಳು ಅಂಥ ಹೊತ್ತಿನಲ್ಲಿ ಒಳಗೆ ಹೋಗುವುದೇ ಸಂಸಾರಕ್ಕೆ ಒಳ್ಳೆಯದು.

ತಂತಿ ಎಳೆದವನು ಎಲೆಕ್ಟ್ರಿಕ್ ಕಂಪನಿಯ ವಾಯರಮನ್ ನಾಗ, ಅಂಕೋಲೆಯ ಕಡೆಯ ಒಕ್ಕಲು ಮನೆಯ ಹುಡುಗ. ಹುಬ್ಬಳ್ಳಿಯಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಮೂರು ವರ್ಷ ದುಡಿದು ಈ ವಿದ್ಯೆ ಕಲಿತಿದ್ದ. ಮಾಡಿನ ತೊಲೆಯಿಂದ ತೊಲೆಗೆ ತಂತಿ ಹಿಡಿದುಕೊಳ್ಳುವ ಪಿಂಗಾಣಿ ಗುಬ್ಬಿಗಳನ್ನು ಬಡಿದು, ಜೋಡಿ ತಂತಿಯನ್ನು ವೀಣೆಯಷ್ಟು ಬಿಗಿಯಾಗಿ ಎಳೆದಿದ್ದ. ದೇವರ ಕೋಣೆಯ ಕೆಲಸದ ದಿನ ದೇವರನ್ನು ನಡುಮನೆಗೆ ತಂದಿಟ್ಟು, ಕೆಲಸ ಮುಗಿದ ಮೇಲೆ ಗೋಮಯ ಹಾಕಿ, ಮತ್ತೆ ಒಳಗೆ ಕೂಡಿಸಿದ್ದು ಗಂಗೂ ಅತ್ತೆ. ನಮ್ಮವರ ಸೋದರತ್ತೆ ಅವರು. ಮೂವತ್ತು ವರ್ಷದಿಂದ ಆ ಮನೆಯ ಮಡಿಯೆಲ್ಲ ಅವರ ಸುಪರ್ದಿಯಲ್ಲಿತ್ತು. ದೇವರಿಗೆ ಎಣ್ಣೆಯ ದೀಪವೇ ಸಾಕೆಂದು ಆ ಮೂರನೆಯ ಬಲ್ಬನ್ನು ಅವರು ಒಂದು ದಿನವೂ ಹತ್ತಗೊಡಲಿಲ್ಲ. ಆದರೆ ಹೊರಡುವಾಗ ನಾಗ ಹೇಳಿದ ಮಾತನ್ನು ಮಾತ್ರ ಬಹಳ ಗಮನವಿಟ್ಟು ಕೇಳಿದ್ದರು.

“ಅಮ್ಮಾ, ಈ ತಂತಿಯನ್ನ ಯಾರೂ ಮುಟ್ಟುಕಾಗ,” ಎಂದಿದ್ದ ನಾಗ.

“ಯಾರೂ?”

“ಯಾರೂ.”

“ಮಕ್ಕಳು ಮರಿ?”

“ಊಹೂಂ.”

“ಮೈಲಿಗೆಯವರು?”

“ಯಾರೂ ಅಂದ್ರೆ ಯಾರೂ ಅಲ್ಲ. ನಮ್ಮ ಸಾಹೇಬರೂ ಮುಟ್ಟುದಿಲ್ಲ.”

ಗಂಗೂ ಅತ್ತೆ ತಲೆಯೆತ್ತಿ ತಂತಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಅವರ ಮುಖದಲ್ಲಿ ಅಷ್ಟು ತೃಪ್ತಿಯನ್ನು ನಾನು ಮದುವೆಯಾಗಿ ಬಂದ ಮೇಲೆ ಕಂಡಿರಲಿಲ್ಲ. ಅದು ವಿಜ್ಞಾನದ ಮೇಲಿನ ಗೌರವವೆಂದು ತಿಳಿದು ನಾನು ಸಂತೋಷಪಟ್ಟೆ.

ಇರಲಿ. ಮೂರನೆಯ ಸಲ ಫ್ಯೂಸು ಹೋದಾಗ ನಮ್ಮವರು ಕಂಪನಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದರು. ಕಚೇರಿಯ ದೊಡ್ಡ ನಿಘಂಟಿನಲ್ಲಿ ಅವರಿಗೆ ‘ಪ್ರಾಣಘಾತಕ ಅಲಕ್ಷ್ಯ’ ಎಂಬರ್ಥದ ಎರಡು ಶಬ್ದ ಸಿಕ್ಕಿದ್ದವು. ಅವು ಎಷ್ಟು ಚೆಂದವೆನಿಸಿದವೆಂದರೆ ಒಂದೇ ಕಾಗದದಲ್ಲಿ ಎರಡು ಸಲ ಹಾಕಿದರು.

“ಒಂದಾದರೂ ತೆಗೆಯಿರಿ,” ಎಂದೆ. “ಯಾರ ಅಲಕ್ಷ್ಯವೆಂದು ಅವರು ಕೇಳಿಯಾರು.”

“ಕಾಗದಕ್ಕೆ ತೂಕ ಬೇಕು ವೈಜೂ. ಇದೆಲ್ಲ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.”

ಕಂಪನಿಯ ಸಾಹೇಬರು ಹಚ್ಚಿಕೊಂಡರು. ಶುಕ್ರವಾರ ಬೆಳಿಗ್ಗೆ ನಾಗ ನಮ್ಮ ಅಂಗಳದಲ್ಲಿ ನಿಂತಿದ್ದ. ಕೈಯಲ್ಲಿ ಚರ್ಮದ ಪಟ್ಟಿಯ ಒಂದು ಕಪ್ಪು ಪೆಟ್ಟಿಗೆ.

“ಸೋಮವಾರ ಹತ್ತು ಗಂಟೆ ಒಳಗೆ ದೋಷ ಎಲ್ಲಿ ಅದೆ ಅಂತ ಬರ್ದು, ರಾಯ್ರ ಸಹಿ ತಕಂಡು ಹೋಗ್ಬೇಕು,” ಎಂದ. “ಇಲ್ಲದಿದ್ರೆ ನನ್ನ ಕೆಲಸ ಹೋತದೆ. ಪ್ರಾಣ ತೆಗಿಯುವವ ಅಂತ ಕಾಗದ ಹೋಗ್ಯದೆಯಂತೆ, ಎರಡು ಸಲ.”

ನಮ್ಮವರು ತಂಬಿಗೆ ಹಿಡಿದುಕೊಂಡು ತುಳಸಿಯ ಹತ್ತಿರ ಹೋಗಿ, ಆಗಲೇ ನೀರು ತುಂಬಿ ನಿಂತಿದ್ದ ಕಟ್ಟೆಗೆ ಇನ್ನಷ್ಟು ನೀರು ಹಾಕಿದರು. ಆದರೆ ಅವರು ಕೆಟ್ಟವರಲ್ಲ. ಕೂಡಲೇ ಒಳಗೆ ಬಂದು ರಜೆಯ ಚೀಟಿ ಬರೆದು, “ನಾಗಾ, ನಾವಿಬ್ಬರೂ ಸೇರಿ ಹುಡುಕೋಣ,” ಎಂದರು. ನಾಗನಿಗೆ ಈಗ ಒಂದರ ಬದಲು ಎರಡು ತೊಂದರೆಗಳಾದವು.

ಅವನು ಪೆಟ್ಟಿಗೆ ತೆರೆದು ತೋರಿಸಿದ. ಒಂದು ಬದಿಗೆ ಕೈಯಿಂದ ತಿರುಗಿಸುವ ಹಿಡಿಕೆ. ಮೇಲೆ ಗಾಜಿನೊಳಗೆ ಒಂದು ಮುಳ್ಳು. ಎರಡು ವಾಯರು, ತುದಿಗೆ ಹಲ್ಲಿನ ಚಿಮಟಿಗೆ.

“ಹಿಡಿಕೆ ತಿರುಗಿಸಿದ್ರೆ ಪೆಟ್ಟಿಗೆ ತಾನೇ ಕರೆಂಟ್ ಹುಟ್ಟಿಸ್ತದೆ. ತಂತಿ ಮೇಲಿನ ರಬ್ಬರು ಗಟ್ಟಿ ಇದ್ರೆ ಮುಳ್ಳು ಬಲಕ್ಕೆ. ಎಲ್ಲಾದ್ರೂ ಸೋರ್ತಾ ಇದ್ರೆ ಎಡಕ್ಕೆ. ಆದ್ರೆ ಕಂಪನಿ ಕರೆಂಟ್ ಇರುವಾಗ ಇದನ್ನ ಹಚ್ಚುಕಾಗ. ಮೊದಲು ಮೇನು ಇಳಿಸ್ಬೇಕು, ಫ್ಯೂಸು ಕೀಳ್ಬೇಕು, ಬಲ್ಬು ಬಿಚ್ಬೇಕು. ತಿರುಗಿಸುವಾಗ ಚಿಮಟಿಗೆ ಮುಟ್ಟುಕಾಗ.” ಅವನು ಫ್ಯೂಸು ಕಿತ್ತು ಸುತ್ತ ನೋಡಿ, ಅದನ್ನು ನನ್ನ ಕೈಗೆ ಕೊಟ್ಟ. “ಅಮ್ಮಾ, ಇದನ್ನ ಸೆರಗಿಗೆ ಕಟ್ಕಳ್ಳಿ. ನಾ ಕೇಳಿದ್ರೆ ಮಾತ್ರ ಕೊಡಿ. ರಾಯ್ರು ಕೇಳಿದ್ರೆ ಬೇಡ.”

ನಾಗನ ಮೇಲೆ ನನಗೆ ಆಗ ಹುಟ್ಟಿದ ವಿಶ್ವಾಸ ಇಂದಿಗೂ ಕಡಿಮೆಯಾಗಿಲ್ಲ.

ಬೇಲಿಯಾಚೆಯಿಂದ ಮಂಗೇಶರಾಯರು ಬಂದರು. “ಇದು ಅಪಾಯವೋ ರಾಮನಾಥ?” ಎಂದರು. “ಛೆ, ಮಕ್ಕಳ ಆಟಿಕೆ,” ಎಂದು ನಮ್ಮವರು ಎರಡೂ ಚಿಮಟಿಗೆಗಳನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಹಿಡಿಕೆ ತಿರುಗಿಸಿದರು. ಅವರ ಟೊಪ್ಪಿಗೆ ತಾನಾಗಿ ಕೆಳಗೆ ಬಿತ್ತು. ಕಣ್ಣಲ್ಲಿ ನೀರು ಬಂತು. ಟೊಪ್ಪಿಗೆ ಎತ್ತಿಕೊಂಡು, “ಪೆಟ್ಟಿಗೆ ಸರಿಯಾಗಿದೆ,” ಎಂದರು.

ನಾಗ ಮನೆಯ ತಂತಿಗೆ ಹಚ್ಚಿ ತಿರುಗಿಸಿದ. ಮುಳ್ಳು ಸರಾಗವಾಗಿ ಬಲಕ್ಕೆ ಹೋಯಿತು. ಮತ್ತೆ ತಿರುಗಿಸಿದ. ಮತ್ತೆ ಬಲಕ್ಕೆ. ಎಲ್ಲಿಯೂ ದೋಷವಿಲ್ಲ. ನಾಗ ಬೆವರು ಒರೆಸಿಕೊಂಡ.

“ದೋಷವಿಲ್ಲವಾದರೆ ಒಳ್ಳೆಯದಲ್ಲವೆ?” ಎಂದೆ.

“ಫ್ಯೂಸು ಮೂರು ಸಲ ಹೋಗ್ಯದೆ. ದೋಷ ಅದೆ, ಸಿಗುದಿಲ್ಲ ಅಂದ್ರೆ ಸಾಹೇಬರು ನನಗೆ ಹುಡುಕುಕೆ ಬರುದಿಲ್ಲ ಅಂತರು. ಇದು ಹಗಲು ಬಿಟ್ಟು ಹೋಗುವ ಜ್ವರ. ಬಂದಾಗಲೇ ಹಿಡೀಬೇಕು.”

ಇಷ್ಟು ಹೊತ್ತು ಬಾಗಿಲ ಮರೆಯಲ್ಲಿ ನಿಂತಿದ್ದ ಗಂಗೂ ಅತ್ತೆ ಕೇಳಿದರು: “ಬಲಕ್ಕೆ ಹೋದರೆ ಹೌದು, ಎಡಕ್ಕೆ ಹೋದರೆ ಇಲ್ಲ ಅಂದ ಹಾಗಾಯ್ತಲ್ಲವೊ?”

“ಹೆಚ್ಚುಕಡಿಮೆ ಹಾಗೇ ಅಮ್ಮಾ.”

“ಅಂದರೆ ಕೌಲು,” ಎಂದು ಅತ್ತೆ ಕೈಮುಗಿದರು.

ನಮ್ಮ ಕಡೆ ಒಂದು ಸಂಬಂಧ ಕುದುರಿಸುವುದಿರಲಿ, ಬಾವಿ ತೋಡುವುದಿರಲಿ, ಮೊದಲು ದೇವಸ್ಥಾನದಲ್ಲಿ ಕೌಲು ಕೇಳುತ್ತಾರೆ. ಭಟ್ಟರು ಮೂರ್ತಿಗೆ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ; ಬಲಗಡೆಯದು ಮೊದಲು ಬಿದ್ದರೆ ದೇವರ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಎಸಳು ಒಣಗಿ ಬೀಳುವವರೆಗೆ ಕೆಲವೊಮ್ಮೆ ಮಧ್ಯಾಹ್ನವಾಗುತ್ತದೆ. ಈ ಪೆಟ್ಟಿಗೆ ಕಾಯಿಸುವುದೂ ಇಲ್ಲ, ದಕ್ಷಿಣೆ ಕೇಳುವುದೂ ಇಲ್ಲ.

ನಾಗ ನನ್ನಿಂದ ಫ್ಯೂಸು ಕೇಳಿ ಪಡೆದು, ಅದಕ್ಕೆ ಹೊಸ ತಂತಿ ಹಾಕಿ ಕೂಡಿಸಿ, ಜ್ವರ ಬಂದಾಗ ಹಿಡಿಯಲು ಅನುಕೂಲವಾಗಲೆಂದು ಪೆಟ್ಟಿಗೆಯನ್ನು ನಮ್ಮಲ್ಲಿಯೇ ಬಿಟ್ಟು, ಭಾನುವಾರ ಬರುತ್ತೇನೆಂದು ಹೋದ. ಅವನು ಓಣಿ ದಾಟುವ ಮೊದಲೇ ಮಂಗೇಶರಾಯರು ಜಗಲಿಯಲ್ಲಿ ಕಾಲು ತೊಳೆದು ಕುಳಿತಿದ್ದರು. ಅವರಿಗೂ ಅವರ ತಮ್ಮನಿಗೂ ಗಡಿಯ ಮೇಲಿನ ಒಂದು ತೆಂಗಿನ ಮರದ ಸಲುವಾಗಿ ಆರು ವರ್ಷದಿಂದ ವ್ಯಾಜ್ಯ.

“ಮರ ನನ್ನದೋ ಅಲ್ಲವೋ, ಒಂದು ಸಲ ಕೇಳು ರಾಮನಾಥ.”

“ಇದು ತಂತಿ ನೋಡುವ ಯಂತ್ರ ಮಂಗೇಶಮಾಮ.”

“ಮರವನ್ನು ತಂತಿ ಅಂತ ತಿಳಿದುಕೋ.”

ನಮ್ಮವರು ಚಿಮಟಿಗೆಗಳನ್ನು ಗಾಳಿಯಲ್ಲಿ ಇಳಿಬಿಟ್ಟು ತಿರುಗಿಸಿದರು. ಯಾವುದಕ್ಕೂ ತಾಗದ ಚಿಮಟಿಗೆಗೆ ಮುಳ್ಳು ಬಲಕ್ಕೇ ಹೋಗಬೇಕು. ಅದು ಅದರ ಧರ್ಮ. ಮಂಗೇಶರಾಯರು ಕಣ್ಣೊರೆಸಿಕೊಂಡು ಹೋದರು.

ಶನಿವಾರ ಸಂಜೆಯೊಳಗೆ ನಮ್ಮ ಜಗಲಿಗೆ ಹದಿನಾಲ್ಕು ಜನ ಬಂದು ಹೋದರು. ಸದಾಶಿವಗಡದಿಂದ ದೋಣಿ ದಾಟಿ ಒಬ್ಬರು ಬಂದರು. ಮಗಳ ಸಂಬಂಧ, ಕಳೆದ ಎಮ್ಮೆ, ಗೋವೆಗೆ ಹೋದ ಅಳಿಯ, ಎಲ್ಲದಕ್ಕೂ ಬಲಕ್ಕೆ. ಒಂದು ಓಣಿಯಲ್ಲಿ ಅಷ್ಟು ಸಂತೋಷವನ್ನು ನಾನು ಕಂಡದ್ದಿಲ್ಲ. ಮೊದಮೊದಲು ಬೇಡಬೇಡವೆನ್ನುತ್ತಿದ್ದ ನಮ್ಮವರು ಮೂರನೆಯವರಿಗೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಆರನೆಯವರಿಗೆ ಅಂಗಿ ತೆಗೆದು ಶಲ್ಯ ಹೊದ್ದರು. ಒಂಬತ್ತನೆಯವರು ಮಂಗೇಶರಾಯರ ತಮ್ಮ. ಅದೇ ಮರ. ಅವರಿಗೂ ಬಲಕ್ಕೆ.

ಭಾನುವಾರ ಮಧ್ಯಾಹ್ನ ಮರದ ಬುಡದಲ್ಲಿ ಅಣ್ಣ ಕರೆತಂದ ಕಾಯಿ ಕೀಳುವವನೂ ತಮ್ಮ ಕರೆತಂದ ಕಾಯಿ ಕೀಳುವವನೂ ಬೀಡಿ ಸೇದುತ್ತ ಒಬ್ಬರೊಬ್ಬರ ಕ್ಷೇಮ ವಿಚಾರಿಸುತ್ತಿದ್ದರು. ಗಡಿಯ ಆಚೀಚೆ ನಿಂತ ಅಣ್ಣತಮ್ಮಂದಿರ ಗಂಟಲು ಹರಿಯುತ್ತಿತ್ತು.

ಇಷ್ಟು ಗದ್ದಲದಲ್ಲಿ ನಾಗನ ಕೆಲಸದ ವಿಚಾರ ಎಲ್ಲರಿಗೂ ಮರೆತಿತ್ತು. ನನಗೆ ಮರೆತಿರಲಿಲ್ಲ. ಪಂಚಾಂಗದ ಮುಂದೆ ನಿಂತು ನನ್ನ ಮೂರು ಚುಕ್ಕೆಗಳನ್ನು ನೋಡಿದೆ. ಒಂದು ಭಾನುವಾರ, ಏಕಾದಶಿಯ ಹಿಂದಿನ ದಿನವೊಂದು, ಮತ್ತೆ ಭಾನುವಾರ. ಶ್ರಾವಣ ಸೋಮವಾರಗಳು, ಏಕಾದಶಿ. ಅವುಗಳ ಹಿಂದಿನ ರಾತ್ರಿಗಳು. ಕರೆಂಟು ವ್ರತ ಹಿಡಿಯುತ್ತದೆಯೆಂದು ಧಾರವಾಡದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ನಾಗ ಬಂದ ಕೂಡಲೇ ಹೇಳಿದೆ: “ಇವತ್ತು ಕತ್ತಲಾಗುವವರೆಗೆ ಕಾಯಿರಿ. ಜ್ವರ ಇವತ್ತು ಬರುತ್ತದೆ.”

ಅವನ ಹಿಂದೆ ಅವನ ತಾಯಿ ಬೊಮ್ಮು ನಿಂತಿದ್ದಳು. ಮಗನ ಕೆಲಸಕ್ಕೆ ಕುತ್ತು ಬಂದದ್ದನ್ನು ಕೇಳಿ ಮಧ್ಯಾಹ್ನದ ಮೋಟಾರಿಗೆ ಅಂಕೋಲೆಯಿಂದ ಬಂದಿದ್ದಳು. ಹೆಡಿಗೆಯಲ್ಲಿ ಎರಡು ದೊಡ್ಡ ಮೊಗೆಕಾಯಿ. ಅವನ್ನು ಅಂಗಳದ ಅಂಚಿಗೆ ಇಟ್ಟು ನಮ್ಮವರಿಗೆ ಕೈಮುಗಿದಳು.

“ಒಡೆಯಾ, ನನ್ನ ಮಗ ಜೀವ ತೆಗಿಯುವವ ಅಲ್ಲ. ಮನೆಲಿ ಕೋಳಿ ಕೊಯ್ಯುಕೆ ಹೇಳಿದ್ರೂ ಪಕ್ಕದ ಮನೆಯವನ್ನ ಕರೀತ.”

“ಅವ್ವೆ, ಸುಮ್ಮನಿರು,” ಎಂದ ನಾಗ.

“ಎಂತಕ್ಕೆ ಸುಮ್ಮನಿರುದು? ಇವರಲ್ಲಿ ಸತ್ಯ ಹೇಳುವ ಪೆಟ್ಟಿಗೆ ಅದೆಯಂತೆ. ಮೋಟಾರಿನಲ್ಲಿ ಎಲ್ಲರೂ ಅದೇ ಮಾತು. ನಾನೂ ಕೇಳೂಕೆ ಬಂದದ್ದು.”

ನಮ್ಮವರು ಶಲ್ಯ ತೆಗೆದಿಟ್ಟು ಅಂಗಿ ಹಾಕಿಕೊಂಡರು.

ದೀಪ ಹಚ್ಚುವ ಹೊತ್ತಾಯಿತು. ಗಂಗೂ ಅತ್ತೆ ಸ್ನಾನ ಮುಗಿಸಿ, ದೇವರ ಕೋಣೆಗೆ ಹೋಗಿ ಬಂದು, ನಡುಮನೆಯಲ್ಲಿ ಕುಳಿತರು. ತೀರ್ಪು ಬದಲಿಸಿಕೊಳ್ಳಲು ಮಂಗೇಶರಾಯರೂ ತಮ್ಮನೂ ಬಂದು ಎದುರುಬದುರು ಕುಳಿತರು. ನಾಗ ಮೇನು ಇಳಿಸಿದ, ಫ್ಯೂಸು ಕಿತ್ತ. ನಾನು ಸೆರಗಿಗೆ ಕಟ್ಟಿಕೊಂಡೆ. ಎಣ್ಣೆಯ ದೀಪದ ಬೆಳಕಿನಲ್ಲಿ ಅವನು ಹಿಡಿಕೆ ತಿರುಗಿಸಿದ.

ಮುಳ್ಳು ಅಲುಗಿತು. ಎಡಕ್ಕೆ ಹೋಗಿ ಅಲ್ಲೇ ಬಿದ್ದುಕೊಂಡಿತು.

ಎರಡು ದಿನದಲ್ಲಿ ಪೆಟ್ಟಿಗೆ ಮೊದಲ ಸಲ ‘ಇಲ್ಲ’ ಎಂದಿತ್ತು. ಮಂಗೇಶರಾಯರು ತಮ್ಮನನ್ನು ನೋಡಿದರು, ತಮ್ಮ ಅಣ್ಣನನ್ನು ನೋಡಿದರು. ಇಬ್ಬರಿಗೂ ಅದು ತನಗೇ ಹೇಳಿದ್ದೆನಿಸಿತು.

“ಸಿಕ್ತು,” ಎಂದ ನಾಗ, ಹಲ್ಲೆಲ್ಲ ಕಾಣುವ ಹಾಗೆ ನಗುತ್ತ. “ದೋಷ ಸಿಕ್ತು.”

ಅಂಗಳದಲ್ಲಿ ಬೊಮ್ಮು ಕುಸಿದು ಕುಳಿತಳು. “ಎಡಕ್ಕೆ ಹೋಯ್ತಲ್ಲೋ ಮಗಾ. ನೀ ನಗಾಡ್ತೆ?”

“ಅದು ಹಾಗಲ್ಲ ಅವ್ವೆ.”

“ಮತ್ತೆ ಹೆಂಗೆ? ದೇವರು ಇಲ್ಲ ಅಂತು. ಇವ ಹಲ್ಲು ಬಿಡ್ತ.”

ನಾಗನಿಗೆ ಉತ್ತರಿಸಲು ಪುರುಸೊತ್ತಿರಲಿಲ್ಲ. ಜಗಲಿಯಿಂದ ನಡುಮನೆಗೆ ಹೋಗುವ ಹಾದಿಕೋಣೆಯ ಮಾಡಿನಲ್ಲಿ ಮೂರು ದೀಪದ ತಂತಿಗಳು ಸೇರುವ ದುಂಡು ಡಬ್ಬಿಯನ್ನು ಬಿಚ್ಚಿ, ಮೂರನ್ನೂ ಬೇರೆ ಮಾಡಿದ. ಜಗಲಿಯ ತಂತಿಗೆ ಹಚ್ಚಿ ತಿರುಗಿಸಿದ, ಬಲಕ್ಕೆ. ನಡುಮನೆಯದಕ್ಕೆ ಹಚ್ಚಿದ, ಬಲಕ್ಕೆ. ದೇವರ ಕೋಣೆಯದಕ್ಕೆ ಹಚ್ಚಿದ, ಎಡಕ್ಕೆ.

“ದೇವರ ಕೋಣೆಯಲ್ಲಿ,” ಎಂದ. “ಯಾರಾದ್ರೂ ಒಳಗೆ ಹೋಗಿ ತಂತಿಗೆ ಎಂತ ಆಗ್ಯದೆ ನೋಡ್ಬೇಕು.”

ಅವನು ಹೋಗುವಂತಿರಲಿಲ್ಲ, ಹೋಗಲೇ ಎಂದು ಅವನೂ ಕೇಳಲಿಲ್ಲ. ನಮ್ಮವರು ಪಂಚೆ ಎತ್ತಿ ಕಟ್ಟಿ ಮುಂದೆ ಬಂದರು.

“ನೀನು ಬೆಳಿಗ್ಗೆ ಖಾನಾವಳಿಯಲ್ಲಿ ತಿಂದಿದ್ದಿ,” ಎಂದರು ಅತ್ತೆ. “ಎರಡು ಭಜೆ.”

“ಒಂದು.”

“ಎರಡು. ಮಂಗೇಶ ಹೇಳಿದ್ದಾನೆ.”

ಆ ಬೆಳಕಿನಲ್ಲಿ ತಂತಿಯ ದೋಷ ಗುರುತಿಸಲು ಅತ್ತೆಗೆ ಕಣ್ಣು ಸಾಲದು; ಉಳಿದವಳು ನಾನು. ಸಂಜೆಯ ದೀಪಕ್ಕೆಂದು ಮಿಂದು ಮಡಿಯುಟ್ಟಿದ್ದೆ. “ಹೋಗು ವೈಜೂ,” ಎಂದರು ಅತ್ತೆ. “ಒಳಗೆ ನನ್ನ ನಾಳೆಯ ಸೀರೆ ಅದೆ. ಸೆರಗು ತಾಗಿಸಬೇಡ.”

“ತಂತಿಯನ್ನೂ ಮುಟ್ಬೇಡಿ ಅಮ್ಮಾ,” ಎಂದ ನಾಗ. “ನಾ ತಿರುಗಿಸ್ತಾ ಇರ್ತೆ. ಈ ಪೆಟ್ಟಿಗೆಯೂ ಕಚ್ತದೆ. ರಾಯ್ರಿಗೆ ಗೊತ್ತದೆ.”

ನಾನು ದೀಪ ಹಿಡಿದು ಒಳಗೆ ಹೋಗಿ ತಲೆಯೆತ್ತಿದೆ.

ಗಂಗೂ ಅತ್ತೆಯ ಮಡಿಸೀರೆ, ಹಿಂಡಿ ಕೊಡವಿದ ಒದ್ದೆ ಸೀರೆ, ಎಲೆಕ್ಟ್ರಿಕ್ ತಂತಿಯ ಮೇಲೆ ನೆರಿಗೆ ನೆರಿಗೆಯಾಗಿ ಹರವಿಕೊಂಡಿತ್ತು. ಎರಡು ತಂತಿಗಳಿಗೂ ಸಮನಾಗಿ. ತಂತಿ ಜೋಡಣೆಯ ಜಾಗದಲ್ಲಿ ಸುತ್ತಿದ ರಬ್ಬರು ಪಟ್ಟಿ ಕರಿದಾಗಿ ಸುಟ್ಟಿತ್ತು. ಮೂಲೆಯಲ್ಲಿ ಅವರು ಮಡಿಬಟ್ಟೆ ಹರವಲೆಂದೇ ಇಟ್ಟ ಬಿದಿರಿನ ಕೋಲು.

ಆಗ ನನಗೆ ಎಲ್ಲ ಅರ್ಥವಾಯಿತು. ಮಳೆಗಾಲದಲ್ಲಿ ಹೊರಗೆ ಬಟ್ಟೆ ಒಣಗದು. ಮನೆಯ ಹಗ್ಗಗಳನ್ನು ನಾವೆಲ್ಲ ಮುಟ್ಟುತ್ತೇವೆ. ಮಕ್ಕಳಾಗಲಿ, ಮೈಲಿಗೆಯವರಾಗಲಿ, ಕಂಪನಿಯ ಸಾಹೇಬರೇ ಆಗಲಿ ಮುಟ್ಟಬಾರದ ಒಂದು ಹಗ್ಗ ಮನೆಗೆ ಬಂದಿದೆ. ಅದಕ್ಕಿಂತ ಮಡಿಯಾದದ್ದು ಕಾರವಾರದಲ್ಲಿ ಇನ್ನೆಲ್ಲಿ ಸಿಗಬೇಕು. ಅತ್ತೆ ಪ್ರತಿ ವ್ರತದ ಹಿಂದಿನ ಸಂಜೆ ಕೋಲಿನಿಂದ ಸೀರೆ ಏರಿಸಿದ್ದಾರೆ, ಬೆಳಗಿನ ಜಾವ ಕೋಲಿನಿಂದ ಇಳಿಸಿದ್ದಾರೆ. ಆ ಕೋಲು ಒಣಗಿದ್ದರಿಂದ ಮಾತ್ರ ಅವರು ಈಗ ನಡುಮನೆಯಲ್ಲಿ ಕುಳಿತು ಭಜೆಯ ಲೆಕ್ಕ ಹೇಳುತ್ತಿದ್ದಾರೆ. ಸೆರಗಿನ ಗಂಟಿನಲ್ಲಿ ಫ್ಯೂಸು ಇದೆಯೆಂದು ಎರಡು ಸಲ ಮುಟ್ಟಿ ನೋಡಿಕೊಂಡೆ.

ಹೊರಗಿನಿಂದ ಬೊಮ್ಮುವಿನ ದನಿ ಕೇಳಿತು. ಅವಳು ಜಗಲಿಯ ಮೆಟ್ಟಿಲವರೆಗೆ ಬಂದಿದ್ದಳು.

“ತಿರುಗಿಸು ಮಗಾ, ನಿಲ್ಲಿಸ್ಬೇಡ. ನಾ ಕೇಳ್ತೆ. ದೇವಾ, ನನ್ನ ಮಗನ ಕೈಲಿ ತಪ್ಪಾಗಿದ್ರೆ ಅಲ್ಲೇ ಇರು. ತಪ್ಪಾಗದಿದ್ರೆ ಬಲಕ್ಕೆ ಬಾ.”

ನಾನು ಕೋಲು ತೆಗೆದುಕೊಂಡು ಸೀರೆಯನ್ನು ಮೆಲ್ಲಗೆ ಎತ್ತಿದೆ.

ಹೊರಗೆ ಹಿಡಿಕೆ ಗರಗರ ತಿರುಗುತ್ತಿತ್ತು. ಆಮೇಲೆ ಮಂಗೇಶರಾಯರು ಪಿಸುಗುಟ್ಟಿದ್ದು ನನಗೂ ಕೇಳಿತು: “ಬರ್ತಾ ಅದೆ.” ಅವರ ತಮ್ಮ, “ಬಂತು ಅಣ್ಣಾ,” ಎಂದ. ಆರು ವರ್ಷದಲ್ಲಿ ಅವನು ಅಣ್ಣಾ ಎಂದದ್ದು ಅದೇ ಮೊದಲು.

ಸೀರೆಯನ್ನು ಕೋಲಿನಿಂದಲೇ ಗೋಡೆಯ ಗೂಟಕ್ಕೆ ದಾಟಿಸಿ ಹೊರಗೆ ಬಂದೆ. ಗಂಗೂ ಅತ್ತೆ ಪೆಟ್ಟಿಗೆಯ ಮುಂದೆ ತಲೆಬಾಗಿದ್ದರು. ಬೊಮ್ಮು ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅಣ್ಣತಮ್ಮಂದಿರು ಇಂಥ ಪೆಟ್ಟಿಗೆಯ ಎದುರು ಸುಳ್ಳಾಡುವುದು ಬೇಡವೆಂದು ಮರದ ಕಾಯಿಗಳನ್ನು ಅರ್ಧರ್ಧ ಮಾಡಿಕೊಳ್ಳುವ ಮಾತಿಗೆ ಬಂದಿದ್ದರು. ನಮ್ಮವರು, ತಂತಿಯಲ್ಲಿ ನಿಂತುಹೋಗಿದ್ದ ಹಳೆಯ ಕರೆಂಟು ಹರಿದುಹೋಯಿತೆಂದು ಯಾರೂ ಕೇಳದಿದ್ದರೂ ವಿವರಿಸುತ್ತಿದ್ದರು.

“ಒಳಗೆ ಎಂತ ಇತ್ತು ಅಮ್ಮಾ?” ಎಂದ ನಾಗ.

ಎಲ್ಲರೂ ನನ್ನನ್ನು ನೋಡಿದರು. ನಾನು ಶಬ್ದಗಳನ್ನು ಒಂದೊಂದಾಗಿ ತೂಗಿ ನೋಡಿದೆ.

“ನೀರು,” ಎಂದೆ. “ಜೋಡಣೆಯ ಮೇಲೆ ನೀರು ಬಿದ್ದಿತ್ತು.”

ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ನಾಗ ನನ್ನ ಮುಖ ನೋಡಿದ. ಆಮೇಲೆ ಅತ್ತೆಯ ಕಡೆ ನೋಡಿದ. ಆಮೇಲೆ ಚೀಟಿ ತೆಗೆದು ‘ತೇವದಿಂದ ಆದ ದೋಷ; ಕೆಲಸದ್ದಲ್ಲ’ ಎಂದು ಬರೆದ. ನಮ್ಮವರು ಸಹಿ ಮಾಡಿದರು. ಅದರ ಕೆಳಗೆ ಒಂದು ತೂಕದ ವಿಶೇಷಣ ಸೇರಿಸಲು ಲೇಖನಿ ಎತ್ತಿದಾಗ ನಾನು ದೌತಿಗೆ ಮುಚ್ಚಳ ಹಾಕಿದೆ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಾಗ ಹೊಸ ಪಟ್ಟಿ ತಂದ. ಈ ಸಲ ದೇವರನ್ನು ಹೊರಗೆ ತರಲು ಅತ್ತೆ ತಕರಾರು ಮಾಡಲಿಲ್ಲ. ದೇವರೇ ಸಾಕ್ಷಿ ಹೇಳಿದ ಹುಡುಗ. ಹತ್ತಕ್ಕೆ ಅವನು ಸಾಹೇಬರ ಮುಂದಿದ್ದ. ಕೆಲಸ ಉಳಿಯಿತು.

ಹೋಗುವಾಗ ನನಗೊಬ್ಬಳಿಗೆ ಕೇಳುವ ಹಾಗೆ ಹೇಳಿದ್ದ: “ಅಮ್ಮಾ, ಆ ಕೋಣೆಲಿ ಒಂದು ಅಡ್ಡ ಬಿದಿರು ಕಟ್ಟಿದ್ರೆ ಒಳ್ಳೇದು. ತಂತಿಯಿಂದ ಎರಡು ಮೊಳ ದೂರ.”

ಬುಧವಾರ ಅಂಕೋಲೆಯ ಮೋಟಾರಿನ ಮಾಡಿನ ಮೇಲೆ ಬಿದಿರು ಬಂತು. ಹೊಳೆಯಲ್ಲಿ ತೊಳೆದ ಹೊಸ ಬಿದಿರು, ಯಾರ ಬಟ್ಟೆಯೂ ಅದರ ಮೇಲೆ ಬಿದ್ದಿಲ್ಲ ಎಂದು ಬೊಮ್ಮು ಹೇಳಿ ಕಳಿಸಿದ್ದಳು. ನಾನು ಮಿಂದು, ಅದಕ್ಕೆ ಮತ್ತೊಮ್ಮೆ ನೀರು ಹಾಕಿ, ಕಟ್ಟಿದೆ. ಅತ್ತೆ ಅದನ್ನು ಬಹಳ ಹೊತ್ತು ಪರೀಕ್ಷಿಸಿದರು.

“ಚೆನ್ನಾಗಿದೆ,” ಎಂದರು ಕೊನೆಗೆ. “ಆದರೆ ಆ ತಂತಿಯಷ್ಟು ಮಡಿಯಲ್ಲ. ಹೌದೇ ವೈಜೂ, ಅದು ಎಲ್ಲಿಂದ ಬರ್ತದೆ?”

ಅದು ಕಂಪನಿಯ ಮನೆಯಿಂದ ಹೊರಟು, ಮೀನುಪೇಟೆಯ ಕಂಬ ಹಾದು, ಹೆಂಡದ ಅಂಗಡಿಯ ದೀಪಕ್ಕೆ ಒಂದು ಕವಲು ಕೊಟ್ಟು, ಕ್ಷೌರದಂಗಡಿಯ ಮಾಡಿನ ಮೇಲಿನಿಂದ ನಮ್ಮ ಓಣಿಗೆ ತಿರುಗುತ್ತದೆ. ಅತ್ತೆಯ ಶ್ರಾವಣದ ವ್ರತಗಳೆಲ್ಲ ಮೂರು ವಾರದಿಂದ ಅಷ್ಟೂ ಮನೆಗಳ ಜೊತೆ ಒಂದೇ ಹಗ್ಗದಲ್ಲಿ ಒಣಗಿದ್ದವು.

“ಕಂಬದಿಂದ, ಅತ್ತೆ,” ಎಂದೆ.

ಅವರು ತಲೆದೂಗಿ, ಕೋಲಿನಿಂದ ಸೀರೆಯನ್ನು ಹೊಸ ಬಿದಿರಿಗೆ ಏರಿಸಿದರು. ನಾನು ಕೆಳಗೆ ನಿಂತು ನೆರಿಗೆ ಸರಿಯಾಗಿ ಬಿದ್ದದ್ದನ್ನು ನೋಡಿದೆ. ಅಷ್ಟರಲ್ಲಿ ಜಗಲಿಯಿಂದ ನಮ್ಮವರ ದನಿ ಕೇಳಿತು. ಆ ರಾತ್ರಿ ಮುಳ್ಳು ಬಲಕ್ಕೆ ತಿರುಗಿದ್ದು ಹೇಗೆ ಎಂದು ಯಾರಿಗೋ ಹೇಳುತ್ತಿದ್ದರು. “ವೈಜೂ, ಒಳಗೆ ನೀನು ಏನಾದರೂ ಮಾಡಿದ್ದಿಯೇನೆ?” ಎಂದು ಕೂಗಿ ಕೇಳಿದರು.

ಸೀರೆಯಿಂದ ಒಂದು ಹನಿ ನನ್ನ ಕೈಮೇಲೆ ಬಿತ್ತು. ನಾನು ಅದನ್ನು ಒರೆಸಿಕೊಂಡು, “ದೀಪ ಹಿಡಿದುಕೊಂಡು ನಿಂತಿದ್ದೆ,” ಎಂದೆ. ಉಳಿದದ್ದನ್ನು ಅವರಿಗಾಗಲಿ, ಓಣಿಗಾಗಲಿ, ಎಂದಿಗೂ ಹೇಳಬಾರದೆಂದು ಅಲ್ಲೇ ನಿಶ್ಚಯಿಸಿದೆ.